ಪಿಎಚ್‌ಡಿ ಮುಗಿದ ಮೇಲಿನ ಎರಡು ವರ್ಷ

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



 

ಪ್ರತಿ ವರ್ಷ ಈ ಸಭೆಯಲ್ಲಿ ಎಷ್ಟು ಮಕ್ಕಳ ಶುಲ್ಕ ಕಟ್ಟಿದೆವು, ಎಷ್ಟು ಮಂದಿ ಪಾಸಾದರು ಎಂದು ಹೇಳುವುದು ವಾಡಿಕೆ. ಆ ಲೆಕ್ಕವೆಲ್ಲ ಲೆಕ್ಕಪರಿಶೋಧಕರ ಸಹಿಯೊಂದಿಗೆ ವರದಿಯ ಕೊನೆಯ ಪುಟಗಳಲ್ಲಿದೆ, ದಯವಿಟ್ಟು ಓದಿ. ಇವತ್ತು ನಾವು ಮಾತಾಡಬೇಕೆಂದಿರುವುದು ತಿರಸ್ಕರಿಸಿದ ಒಂದು ಅರ್ಜಿಯ ಬಗ್ಗೆ. ಅದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ತಪ್ಪು ನಮ್ಮದು, ಆದ್ದರಿಂದ ನಾವೇ ಹೇಳಬೇಕು.

ಉದಯಗಿರಿಯ ಒಬ್ಬ ಹೆಣ್ಣುಮಗಳು. ತಂದೆ ಮರದ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದವರು, ತಾಯಿ ಮನೆಯಲ್ಲಿ ಊದುಬತ್ತಿ ಹೊಸೆಯುವವರು. ಪಿಯುಸಿಯಿಂದ ಎಂ.ಕಾಂ ತನಕ ಆಕೆಗೆ ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಸಿಕ್ಕಿತ್ತು. ಆಮೇಲೆ ಆಕೆ ನೆಟ್ ಪರೀಕ್ಷೆ ಪಾಸು ಮಾಡಿ, ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಲೇ ಆರು ವರ್ಷದಲ್ಲಿ ಪಿಎಚ್‌ಡಿ ಮುಗಿಸಿದಳು. ಸಣ್ಣ ಸಹಕಾರ ಸಂಘಗಳು ತಮ್ಮ ಲೆಕ್ಕಪತ್ರಗಳಲ್ಲಿ ಏನನ್ನು ತೋರಿಸುತ್ತವೆ, ಏನನ್ನು ತೋರಿಸುವುದಿಲ್ಲ ಎಂಬುದು ಅವಳ ವಿಷಯ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಇಲ್ಲಿ ಇಂಥ ವಿಷಯ ಆರಿಸಿದ್ದು ನಮಗೆಲ್ಲ ಹೆಮ್ಮೆ ತಂದಿತ್ತು.

ಪಿಎಚ್‌ಡಿ ಮುಗಿದ ಮರುವರ್ಷ ಬೆಂಗಳೂರಿನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಅಕೌಂಟಿಂಗ್ ವಿಭಾಗದ ಪೋಸ್ಟ್ ಡಾಕ್ಟರಲ್ ಸಂಶೋಧಕಿಯ ಸ್ಥಾನ ಅವಳಿಗೆ ಸಿಕ್ಕಿತು. ಎರಡು ವರ್ಷದ ನೇಮಕ, ತಿಂಗಳಿಗೆ ಇಂತಿಷ್ಟು ಸಂಬಳ. ಆದರೆ ಮೂರು ವಾರದೊಳಗೆ ಸೇರಬೇಕು. ಮನೆಗೆ ಅಡ್ವಾನ್ಸ್ ಕೊಡಬೇಕು, ಲ್ಯಾಪ್‌ಟಾಪ್ ಬೇಕು, ಮೊದಲ ಸಂಬಳ ಕೈಗೆ ಬರುವ ತನಕ ಊಟ-ಓಡಾಟ ನಡೆಯಬೇಕು. ಇತ್ತ ಅತಿಥಿ ಉಪನ್ಯಾಸಕಿಯ ಸಂಬಳ ನಿಂತುಹೋಗುತ್ತದೆ, ಆ ಸಂಬಳದಲ್ಲಿ ಮನೆಯೂ ನಡೆಯುತ್ತಿತ್ತು. ಅವಳು ನಮ್ಮಲ್ಲಿ ದಾನ ಕೇಳಲಿಲ್ಲ. ಹತ್ತು ತಿಂಗಳಲ್ಲಿ ತೀರಿಸುತ್ತೇನೆ, ಕರ್ಝೆ ಹಸನವಾಗಿ ಒಂದಿಷ್ಟು ಹಣ ಕೊಡಿ ಎಂದಳು.

ನಮ್ಮ ನಿಯಮದಲ್ಲಿ ಸ್ನಾತಕೋತ್ತರ ಪದವಿಯ ನಂತರ ನೆರವಿಲ್ಲ, ಇಪ್ಪತ್ತೈದು ವಯಸ್ಸು ದಾಟಿದವರಿಗೂ ಇಲ್ಲ. ಸಮಿತಿಯಲ್ಲಿದ್ದ ನಾವು ಐದು ನಿಮಿಷದಲ್ಲಿ ಅರ್ಜಿಯನ್ನು ಪಕ್ಕಕ್ಕಿಟ್ಟೆವು. ನಮ್ಮಲ್ಲೊಬ್ಬರು, “ಪಿಎಚ್‌ಡಿ ಆಯ್ತಲ್ಲ, ಇನ್ನೂ ಓದೋದೇನಿದೆ?” ಎಂದರು. ಆ ಪ್ರಶ್ನೆಗೆ ಉತ್ತರ ನಮಗ್ಯಾರಿಗೂ ಗೊತ್ತಿರಲಿಲ್ಲ, ಕೇಳಿ ತಿಳಿಯುವ ಗೋಜಿಗೂ ಹೋಗಲಿಲ್ಲ. ಅವಳು ಆ ಸ್ಥಾನವನ್ನು ಬಿಟ್ಟುಕೊಟ್ಟಳು.

ಈಗ ಕೇಳಿ ತಿಳಿದುಕೊಂಡಿದ್ದೇವೆ. ಅದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಪೋಸ್ಟ್ ಡಾಕ್ಟರಲ್ ಎಂದರೆ ಇನ್ನೊಂದು ಪದವಿಯಲ್ಲ. ಅದಕ್ಕೆ ಪರೀಕ್ಷೆ ಇಲ್ಲ, ಘಟಿಕೋತ್ಸವ ಇಲ್ಲ. ಅದು ಕೆಲಸ. ಪಿಎಚ್‌ಡಿ ಮುಗಿಸಿದವರನ್ನು ಒಂದು ಸಂಸ್ಥೆ ಎರಡು-ಮೂರು ವರ್ಷಕ್ಕೆ ನೇಮಿಸಿಕೊಳ್ಳುತ್ತದೆ. ಪಾಠದ ಹೊರೆ ಕಡಿಮೆ ಇರುತ್ತದೆ. ಹಿರಿಯ ಪ್ರಾಧ್ಯಾಪಕರ ಜೊತೆ ಕೂತು ಸಂಶೋಧನೆ ಮಾಡಿ, ಒಳ್ಳೆಯ ಪತ್ರಿಕೆಗಳಲ್ಲಿ ಪ್ರಕಟಿಸುವುದೇ ಮುಖ್ಯ ಕೆಲಸ. ಕಂಪನಿಗಳ ಹತ್ತಾರು ವರ್ಷಗಳ ಲೆಕ್ಕಪತ್ರ ಒಂದೇ ಕಡೆ ಸಿಗುವ ಪ್ರೊವೆಸ್‌ನಂಥ ದುಬಾರಿ ದತ್ತಾಂಶ ಭಂಡಾರಗಳು ಅಲ್ಲಿ ಕೈಗೆ ಸಿಗುತ್ತವೆ. ಸಣ್ಣ ಕಾಲೇಜಿನಲ್ಲಿ ವಾರವೆಲ್ಲ ಪಾಠ ಮಾಡುವವರಿಗೆ ಇವು ಸಿಗುವುದು ಕಷ್ಟ. ಈ ಎರಡು ವರ್ಷದ ಪ್ರಕಟಣೆಗಳ ಮೇಲೆ ಮುಂದಿನ ಕಾಯಂ ಹುದ್ದೆ ನಿಂತಿರುತ್ತದೆ. ಬಸ್ಸು ಹೊರಟಿದೆ, ಒಂದು ಕಾಲು ಮೆಟ್ಟಿಲ ಮೇಲಿದೆ. ಆಗ ಕೈ ಹಿಡಿಯುವವರು ಬೇಕು. ನಾವು ಕೈ ಹಿಂದೆಗೆದುಕೊಂಡೆವು.

ಅಕೌಂಟಿಂಗ್‌ನಲ್ಲಿ ಸಂಶೋಧನೆ ಮಾಡಲು ಏನಿದೆ, ಕೂಡುವುದು ಕಳೆಯುವುದು ತಾನೇ ಎಂದು ಕೆಲವರು ಕೇಳಬಹುದು. ನಮ್ಮ ಮನೆಗಳಲ್ಲಿ ಲೆಕ್ಕ ಬರೆಯುವವನೆಂದರೆ ಇವತ್ತಿಗೂ ಗುಮಾಸ್ತ. ಆದರೆ ಈ ಊರಿನ ಇತಿಹಾಸ ಬೇರೆಯೇ ಹೇಳುತ್ತದೆ. ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ ಪೂರ್ಣಯ್ಯ ಹೈದರಾಲಿಯ ಕಣ್ಣಿಗೆ ಬಿದ್ದು, ಟಿಪ್ಪು ಸುಲ್ತಾನರ ಕಾಲದಲ್ಲಿ ರಾಜ್ಯದ ಹಣಕಾಸನ್ನು ನೋಡಿಕೊಂಡು, 1799ರ ನಂತರ ಮೈಸೂರಿನ ದಿವಾನರಾದರು. ನಮ್ಮ ಕಾಲದಲ್ಲಿ, 2021ರ ಜನವರಿಯಿಂದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡೀನ್ ಹುದ್ದೆಗೆ ಬಂದ ಶ್ರೀಕಾಂತ್ ದಾತಾರ್ ಮುಂಬೈಯಲ್ಲಿ ಓದಿ, ಚಾರ್ಟರ್ಡ್ ಅಕೌಂಟೆಂಟ್ ಆಗಿ, ಆಮೇಲೆ ಸಂಶೋಧನೆಗೆ ಹೋದವರು. ಅವರ ವಿಷಯ ಅಕೌಂಟಿಂಗೇ.

ಲೆಕ್ಕ ಬರೆಯುವುದು ಒಂದು ವಿದ್ಯೆ. ಬರೆದ ಲೆಕ್ಕ ನಿಜವೇ, ಅದನ್ನು ಓದಿ ಜನ ಏನು ಮಾಡುತ್ತಾರೆ ಎಂದು ಕೇಳುವುದು ಇನ್ನೊಂದು ವಿದ್ಯೆ. 1968ರಲ್ಲಿ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಎಂಬಿಬ್ಬರು 261 ಅಮೆರಿಕನ್ ಕಂಪನಿಗಳ ಲಾಭದ ಅಂಕಿಗಳನ್ನೂ ಷೇರು ಬೆಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವಾರ್ಷಿಕ ಲಾಭದ ಅಂಕಿಗೆ ನಿಜವಾದ ಬೆಲೆ ಇದೆ, ಆದರೆ ಅದು ಪ್ರಕಟವಾಗುವ ಮೊದಲೇ ಬಹುಪಾಲು ಸುದ್ದಿ ಮಾರುಕಟ್ಟೆಗೆ ಮುಟ್ಟಿರುತ್ತದೆ ಎಂದು ಅವರು ತೋರಿಸಿದರು. ಆ ಲೇಖನವನ್ನು ಮೊದಲು ಒಂದು ದೊಡ್ಡ ಪತ್ರಿಕೆ ಬೇಡವೆಂದಿತ್ತು. ಇನ್ನೊಂದು ಪತ್ರಿಕೆ ಅಚ್ಚು ಹಾಕಿತು. ಇಂದು ಈ ಕ್ಷೇತ್ರದ ಸಂಶೋಧನೆಗೆ ಅದು ಅಡಿಪಾಯ. ಅರ್ಜಿ ತಿರಸ್ಕೃತವಾದ ಮಕ್ಕಳು ಇದನ್ನು ನೆನಪಿಡಿ. ತಿರಸ್ಕರಿಸುವ ಸಮಿತಿಗಳೂ ನೆನಪಿಡಬೇಕು.

ಲೆಕ್ಕ ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಇನ್ನೂ ಹತ್ತಿರದ್ದು 2019ರ ಜೂನ್. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕುಸಿಯಿತು. ಹಣ ಹಾಕಿದವರು ಹತ್ತಾರು ಸಾವಿರ ಮಂದಿ, ಬಹುಪಾಲು ನಮ್ಮದೇ ಸಮುದಾಯದವರು. ಮಗಳ ಮದುವೆಗೆಂದು, ಹಜ್‌ಗೆಂದು ಕೂಡಿಟ್ಟ ದುಡ್ಡು. ಪ್ರತಿ ತಿಂಗಳು ಲಾಭ ಬರುತ್ತಿದ್ದಾಗ ಅದು ಯಾವ ವ್ಯಾಪಾರದಿಂದ ಬರುತ್ತಿದೆ ಎಂದು ಕೇಳಿದವರು ಕಡಿಮೆ. ಕೇಳಿದ್ದರೂ, ಸಿಕ್ಕ ಕಾಗದವನ್ನು ಓದಿ ಹೇಳುವವರು ಎಷ್ಟು ಮೊಹಲ್ಲಾಗಳಲ್ಲಿದ್ದರು? ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇದೆ. ಅದನ್ನು ಓದುವ ನಾವು ಲೆಕ್ಕದ ವಿದ್ಯೆಯನ್ನು ಕೀಳಾಗಿ ಕಂಡೆವು.

ಕೇಳಬೇಕಾದ ಪ್ರಶ್ನೆಗಳು ನಮ್ಮ ಸುತ್ತಲೇ ಇವೆ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಯಾವ ಜಿಲ್ಲೆಗೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ? ನಮ್ಮಂಥ ಟ್ರಸ್ಟುಗಳು ವರದಿ ಪ್ರಕಟಿಸಿದರೆ ದಾನ ಹೆಚ್ಚುತ್ತದೆಯೇ? ವಕ್ಫ್ ಆಸ್ತಿಯ ಬಾಡಿಗೆಯನ್ನು ಯಾವ ರೀತಿ ಲೆಕ್ಕ ಇಟ್ಟರೆ ಅದು ಬಡವರಿಗೆ ಸರಿಯಾಗಿ ತಲುಪುತ್ತದೆ? ಇವಕ್ಕೆ ಉತ್ತರ ಹುಡುಕುವವರು ನಮ್ಮ ಮನೆಗಳಿಂದ ಬಂದರೆ, ಪ್ರಶ್ನೆ ಏಕೆ ಮುಖ್ಯ ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನು ತಂದೆ-ತಾಯಂದಿರು ಗಮನಿಸಬೇಕಾದ ಕೆಲವು ಮಾತು.

ಬಿ.ಕಾಂ ಮುಗಿಸಿದ ಮಗುವಿಗೆ ಕೆಲಸ ಇಲ್ಲವೇ ಮದುವೆ ಎಂಬ ಎರಡೇ ದಾರಿ ಎಂದುಕೊಳ್ಳಬೇಡಿ. ನಮ್ಮ ಊರಿನ ಮಾನಸಗಂಗೋತ್ರಿಯಲ್ಲಿ ವಾಣಿಜ್ಯಶಾಸ್ತ್ರದ ಅಧ್ಯಯನ ವಿಭಾಗವೂ ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆಯೂ ಇವೆ. ಮನೆಯಿಂದಲೇ ಹೋಗಿ ಬರಬಹುದು. ವರ್ಷಕ್ಕೆ ಎರಡು ಬಾರಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಾಮರ್ಸ್ ಒಂದು ವಿಷಯ. ಅದರಲ್ಲಿ ಜೆಆರ್‌ಎಫ್ ಬಂದರೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಜೆಆರ್‌ಎಫ್‌ಗೆ ವಯೋಮಿತಿ ಇದೆ, ಹೆಣ್ಣುಮಕ್ಕಳಿಗೆ ಐದು ವರ್ಷದ ರಿಯಾಯಿತಿಯೂ ಇದೆ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಮಾತ್ರ ನೆಟ್ ಬರೆಯುವುದಾದರೆ ವಯಸ್ಸಿನ ಮಿತಿಯೇ ಇಲ್ಲ. 2024ರ ಜೂನ್‌ನಿಂದ ನೆಟ್ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೂ ಬರುತ್ತವೆ.

1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂನಲ್ಲಿ ಹಣಕಾಸು ಮತ್ತು ಅಕೌಂಟಿಂಗ್ ವಿಷಯದಲ್ಲಿ ಪಿಎಚ್‌ಡಿ ಮಾಡಬಹುದು. ಎಂಬಿಎಗೆ ಲಕ್ಷ ಲಕ್ಷ ಶುಲ್ಕ ಎಂದು ಕೇಳಿರುತ್ತೀರಿ. ಪಿಎಚ್‌ಡಿ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ, ಮೇಲೆ ಮಾಸಿಕ ಭತ್ಯೆ ಇದೆ. ಪದವಿಯ ಜೊತೆಗೆ ಸಿಎ ಮುಗಿಸಿದವರೂ ಅರ್ಜಿ ಹಾಕಬಹುದು. ಪಿಎಚ್‌ಡಿ ನಂತರ ಬಿಸಿನೆಸ್ ಸ್ಕೂಲುಗಳು ತಾವೇ ಪೋಸ್ಟ್ ಡಾಕ್ಟರಲ್ ಸ್ಥಾನಗಳನ್ನು ಪ್ರಕಟಿಸುತ್ತವೆ. ದೆಹಲಿಯ ಐಸಿಎಸ್ಎಸ್ಆರ್ ಕೂಡ ಇಂಥ ಫೆಲೋಶಿಪ್ ಕೊಡುತ್ತದೆ.

ಒಂದು ಬಾಗಿಲು ಮುಚ್ಚಿದ್ದೂ ನಿಜ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಜೆಆರ್‌ಎಫ್ ತಪ್ಪಿದ ನಮ್ಮ ಮಕ್ಕಳು ಈಗ ಪಾಠ ಮಾಡುತ್ತ, ಟ್ಯೂಷನ್ ಹೇಳುತ್ತ ಸಂಶೋಧನೆ ಮುಗಿಸುತ್ತಾರೆ. ಆದ್ದರಿಂದ ಪಿಎಚ್‌ಡಿ ಕೈಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ಉಳಿತಾಯವಿರುವುದಿಲ್ಲ.

ದಾನಿಗಳಲ್ಲಿ ಕೆಲವರು ಈಗಾಗಲೇ ನಮ್ಮನ್ನು ಕೇಳಿದ್ದಾರೆ: “ಒಬ್ಬರಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಮಕ್ಕಳ ಶಾಲಾ ಶುಲ್ಕ ಕಟ್ಟಬಹುದಲ್ಲ?” ಪ್ರಶ್ನೆ ನ್ಯಾಯವಾದದ್ದು. ಶಾಲಾ ಮಕ್ಕಳ ಒಂದು ರೂಪಾಯಿಯನ್ನೂ ಇದಕ್ಕೆ ತಿರುಗಿಸುವುದಿಲ್ಲ. ಝಕಾತ್ ಹಣದ ಖಾತೆ ಬೇರೆಯೇ ಇದೆ, ಅದು ಅದರ ಹಕ್ಕುದಾರರಿಗೇ ಹೋಗುತ್ತದೆ. ಈ ಹೊಸ ನಿಧಿ, ಇದಕ್ಕೆಂದೇ ಹೇಳಿ ಕೊಟ್ಟ ದೇಣಿಗೆಯಿಂದ ಮಾತ್ರ ನಡೆಯುತ್ತದೆ. ಮೇಲಾಗಿ ಇದು ಸಾಲ. ಒಬ್ಬರು ತೀರಿಸಿದ್ದು ಮುಂದಿನವರಿಗೆ ಸಿಗುತ್ತದೆ.

ಆದ್ದರಿಂದ ಈ ವರ್ಷದಿಂದ ಸಮಿತಿ ನಿಯಮವನ್ನು ಬದಲಿಸಿದೆ. ವಾಣಿಜ್ಯ, ಅಕೌಂಟಿಂಗ್, ಅರ್ಥಶಾಸ್ತ್ರ ಮತ್ತು ಮ್ಯಾನೇಜ್‌ಮೆಂಟ್ ವಿಷಯಗಳಲ್ಲಿ ಪಿಎಚ್‌ಡಿ ಪ್ರವೇಶ ಪಡೆದವರಿಗೆ ಅಥವಾ ಪೋಸ್ಟ್ ಡಾಕ್ಟರಲ್ ಸ್ಥಾನಕ್ಕೆ ಆಯ್ಕೆಯಾದವರಿಗೆ ಬಡ್ಡಿಯಿಲ್ಲದ ಸಾಲ ಕೊಡಲಾಗುತ್ತದೆ. ವಯಸ್ಸಿನ ಮಿತಿ ಇಲ್ಲ. ಮದುವೆಯಾದ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಆಯ್ಕೆ ಪತ್ರ, ಮಾರ್ಗದರ್ಶಕರ ಒಂದು ಪತ್ರ, ಖರ್ಚಿನ ಅಂದಾಜು ಪಟ್ಟಿ, ಇಷ್ಟು ಸಾಕು. ಅರ್ಜಿ ಬಂದ ಏಳು ದಿನದೊಳಗೆ ಉತ್ತರ ಕೊಡುತ್ತೇವೆ, ಏಕೆಂದರೆ ಸೇರುವ ದಿನಾಂಕ ನಮ್ಮ ಸಭೆಗಾಗಿ ಕಾಯುವುದಿಲ್ಲ. ಸಂಬಳ ಶುರುವಾದ ಮೂರನೇ ತಿಂಗಳಿಂದ ಕಂತು. ಇಲ್ಲ ಎನ್ನುವುದಾದರೆ ಕಾರಣವನ್ನು ಬರೆದೇ ಕೊಡುತ್ತೇವೆ.

ನಿಯಮ ಬದಲಾದ ಮೇಲೆ ನಾವು ಉದಯಗಿರಿಯ ಆ ಮನೆಗೆ ಹೋಗಿದ್ದೆವು. ತಾಯಿ ಚಹಾ ಕೊಟ್ಟರು. ನಾವು ತಪ್ಪಾಯಿತು ಎಂದೆವು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳ್ಳೆಯದಾಯ್ತು ಚಾಚಾ. ಆದರೆ ಇಂಥ ಸ್ಥಾನಗಳನ್ನು ಹೆಚ್ಚಾಗಿ ಹೊಸದಾಗಿ ಪಿಎಚ್‌ಡಿ ಮುಗಿಸಿದವರಿಗೇ ಕೊಡ್ತಾರೆ. ನನ್ನದು ತಡವಾಗ್ತಾ ಬಂತು. ಇನ್ನೊಂದೆರಡು ಕಡೆ ಅರ್ಜಿ ಹಾಕಿದ್ದೀನಿ, ದುವಾ ಮಾಡಿ,” ಎಂದಳು. ಹೊಸ ನಿಧಿಯ ಅರ್ಜಿಗಳನ್ನು ಓದುವ ಸಮಿತಿಯಲ್ಲಿ ನೀನೂ ಇರಬೇಕಮ್ಮಾ ಎಂದು ಕೇಳಿದೆವು. ಒಪ್ಪಿಕೊಂಡಳು. ಆದರೆ ಒಂದು ಷರತ್ತು ಹಾಕಿದಳು: ಟ್ರಸ್ಟಿನ ಲೆಕ್ಕಪುಸ್ತಕಗಳನ್ನೂ ಒಮ್ಮೆ ತನಗೆ ತೋರಿಸಬೇಕು.

ತೋರಿಸಿದೆವು. ಅವಳು ಗುರುತು ಹಾಕಿದ ಮೂರು ವಿಷಯಗಳನ್ನು ಸರಿಪಡಿಸಿದ್ದೇವೆ. ಈ ವರ್ಷದ ವರದಿಯಲ್ಲಿ ಝಕಾತ್, ಸಾಮಾನ್ಯ ದೇಣಿಗೆ ಮತ್ತು ಸಾಲದ ನಿಧಿ ಮೂರು ಪ್ರತ್ಯೇಕ ಪಟ್ಟಿಗಳಾಗಿರುವುದನ್ನು, ತಿರಸ್ಕರಿಸಿದ ಅರ್ಜಿಗಳ ಸಂಖ್ಯೆಗೆ ಒಂದು ಹೊಸ ಸಾಲು ಸೇರಿರುವುದನ್ನು, ಖರ್ಚಾಗದೆ ಉಳಿದ ಹಣವನ್ನು ಬೇರೆಯಾಗಿ ತೋರಿಸಿರುವುದನ್ನು ನೀವು ಗಮನಿಸಬಹುದು. ಅದು ಅವಳ ಕೆಲಸ.

ನಿಮ್ಮ ಮೊಹಲ್ಲಾದಲ್ಲಿ ಎಂ.ಕಾಂ ಓದುತ್ತಿರುವ, ಪಿಎಚ್‌ಡಿ ಮಾಡುತ್ತಿರುವ ಮಕ್ಕಳಿದ್ದರೆ ಈ ಪ್ರಕಟಣೆಯನ್ನು ಅವರಿಗೆ ತಲುಪಿಸಿ. ದಾನಿಗಳು ಈ ನಿಧಿಯನ್ನೂ ನೆನಪಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ ತಪ್ಪು ಕಂಡರೆ ಸಂಕೋಚವಿಲ್ಲದೆ ಕೇಳಿ. ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ಈ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ.