ಆ ಚಿತ್ರದಲ್ಲಿ ತಿರುಗೋದು ಏನಿತ್ತು?



ಹೋದ ವಾರ ಹೊನ್ನಾವರದಿಂದ ಒಂದು ಫೋನು ಬಂತು. ಸೈನ್ಯದಲ್ಲಿದ್ದು ನಿವೃತ್ತರಾದ ಹಿರಿಯರು. ಹಿಂದಿನ ರಾತ್ರಿ ನಮ್ಮ ಬುಲೆಟಿನ್‌ನಲ್ಲಿ 'ಸರ್ವಿಸ್ ರಿವಾಲ್ವರ್‌ನಿಂದ ಹಾರಿದ ಗುಂಡು' ಅಂತ ಕೆಂಪು ಪಟ್ಟಿ ಓಡಿತ್ತು. ಪಕ್ಕದಲ್ಲಿ ಒಂದು ಚಿತ್ರ. ಅವರು ಕೇಳಿದ್ದು ಇಷ್ಟೇ: "ತಮಾ, ನೀವು ತೋರಿಸಿದ ಆ ಚಿತ್ರದಲ್ಲಿ ತಿರುಗೋದು ಏನಿತ್ತು? ಅದು ಪಿಸ್ತೂಲು. ಅಷ್ಟೂ ಗೊತ್ತಿಲ್ಲದೆ ಊರಿಗೆಲ್ಲ ಹೇಳ್ತೀರಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇವತ್ತು ಆ ರಿವಾಲ್ವರ್ ಕತೆಯನ್ನೇ ಹೇಳ್ತೀನಿ.

ನಾವು ಸರ್ವಿಸ್ ರಿವಾಲ್ವರ್ ಅಂದಾಗ ನಿಮ್ಮ ಕಣ್ಣ ಮುಂದೆ ಬರೋದು ಬಹುಶಃ ವೆಬ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು. 1887ರಲ್ಲಿ ಬ್ರಿಟಿಷ್ ಸೇನೆ ಇದನ್ನು ಅಧಿಕೃತವಾಗಿ ತೆಗೆದುಕೊಂಡಿತು. ಆರು ಗುಂಡು, ಒಂದು ತಿರುಗುವ ಸಿಲಿಂಡರ್. ನಡುವೆ ಮಡಚಿದರೆ ಆರೂ ಖಾಲಿ ಕಾಡತೂಸು ಒಟ್ಟಿಗೆ ಹೊರಗೆ ಬೀಳುತ್ತವೆ. ಹಿಡಿಕೆಯ ಬುಡದಲ್ಲಿ ಹಗ್ಗ ಕಟ್ಟೋಕೆ ಒಂದು ಬಳೆ. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಇದರ ಆರನೇ ಮಾದರಿ ಬಂತು. ತೂಕ ಒಂದು ಕಿಲೋಗಿಂತ ಜಾಸ್ತಿ. ಹೊಡೆದರೆ ಕೈ ನಡುಗಿಸುವ ಆಯುಧ. ಹೊಸಬರಿಗೆ ಗುರಿ ಇಡೋದೇ ಕಷ್ಟ ಅನ್ನಿಸಿ, 1932ರಲ್ಲಿ ಸೇನೆ 0.38 ಅಳತೆಯ ಚಿಕ್ಕ ಎನ್‌ಫೀಲ್ಡ್ ರಿವಾಲ್ವರ್‌ಗೆ ಬದಲಾಯಿತು.

ಇದರ ಇನ್ನೊಂದು ಮುಖ ನಮಗೆ ಸಂಬಂಧಪಟ್ಟದ್ದು. ವೆಬ್ಲಿ ಬರೋಕೆ ಒಂಬತ್ತು ವರ್ಷ ಮೊದಲು, 1878ರಲ್ಲಿ, ಬ್ರಿಟಿಷರು ಶಸ್ತ್ರಾಸ್ತ್ರ ಕಾಯ್ದೆ ತಂದರು. ಭಾರತೀಯ ಕೋವಿ ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್ ಬೇಕು. ಅದಕ್ಕೂ ಮೊದಲು, 1857ರಲ್ಲೇ ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪದೆ ಎದ್ದು ನಿಂತಿದ್ದರು, ಪ್ರಾಣ ತೆತ್ತಿದ್ದರು. ಅಂದರೆ ಆಳುವವರ ಸೊಂಟದಲ್ಲಿ ಹೊಸ ರಿವಾಲ್ವರ್, ಆಳಿಸಿಕೊಳ್ಳುವವರ ಕೈಯಲ್ಲಿ ಅರ್ಜಿ. ವೆಬ್ಲಿ ಬರೀ ಆಯುಧ ಅಲ್ಲ, ಅಧಿಕಾರದ ಗುರುತು. ಸಿನಿಮಾದವರಿಗೆ ಇಷ್ಟವಾದದ್ದೂ ಅದೇ.

ಆದರೆ ಸಿನಿಮಾ ಇತಿಹಾಸದ ಲೆಕ್ಕ ಇಡೋದಿಲ್ಲ. 1964ರ 'ಝೂಲು' ಪ್ರಸಿದ್ಧ ಯುದ್ಧಚಿತ್ರ. ಕತೆ ನಡೆಯೋದು 1879ರಲ್ಲಿ. ಅಧಿಕಾರಿಗಳ ಕೈಯಲ್ಲಿ ಇರೋದು 1915ರ ವೆಬ್ಲಿ! ಇನ್ನೂ 36 ವರ್ಷ ಆದಮೇಲೆ ಹುಟ್ಟಬೇಕಾದ ಆಯುಧ. ಎಷ್ಟು ಜನ ಗಮನಿಸಿದರು? ನೋಡುವವರಿಗೆ ಹಳೇ ಕಾಲದ ಬ್ರಿಟಿಷ್ ರಿವಾಲ್ವರ್ ಥರ ಕಂಡರೆ ಸಾಕಿತ್ತು.

ನಮ್ಮಲ್ಲಿ ಒಂದು ಅಪರೂಪದ ದೃಶ್ಯ ಇದೆ. 1975ರ 'ಶೋಲೆ', ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದದ್ದು. ಗಬ್ಬರ್ ರಿವಾಲ್ವರ್ ತಗೊಂಡು ಗುಂಡು ಎಷ್ಟಿದೆ ಅಂತ ಕೇಳ್ತಾನೆ. ಆರು. ಮೂರನ್ನ ಗಾಳಿಗೆ ಹಾರಿಸ್ತಾನೆ, ಸಿಲಿಂಡರ್ ತಿರುಗಿಸ್ತಾನೆ. ಎಲ್ಲಿ ಗುಂಡಿದೆ, ಎಲ್ಲಿ ಇಲ್ಲ ಅವನಿಗೂ ಗೊತ್ತಿಲ್ಲ. ನಾವು ಉಸಿರು ಹಿಡಿದು ಕೂತದ್ದು ಯಾಕೆ? ಅಲ್ಲಿ ಗುಂಡಿಗೆ ಲೆಕ್ಕ ಇತ್ತು. ಉಳಿದ ಬಹಳಷ್ಟು ಸಿನಿಮಾಗಳಲ್ಲಿ ಆರು ಗುಂಡಿನ ರಿವಾಲ್ವರ್ ಅರವತ್ತು ಗುಂಡು ಹಾರಿಸುತ್ತೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಈಗ ಹೊನ್ನಾವರಕ್ಕೆ ಬರೋಣ. ಕನ್ನಡದಲ್ಲಿ ಖಾಕಿ ಅಂದ ಕೂಡಲೇ ನೆನಪಾಗುವ ಮುಖಗಳಲ್ಲಿ ಒಂದು ಇದೇ ಹೊನ್ನಾವರದ ನೆಲದ್ದು. ಶಂಕರ್ ನಾಗ್. 1988ರ 'ಸಾಂಗ್ಲಿಯಾನ', ಐಪಿಎಸ್ ಅಧಿಕಾರಿ ಎಚ್. ಟಿ. ಸಾಂಗ್ಲಿಯಾನ ಅವರ ಹೆಸರಿನ ಚಿತ್ರ. ಒಂದು ತಲೆಮಾರು ಪೊಲೀಸ್ ಅಂದರೆ ಹೀಗಿರಬೇಕು ಅಂದುಕೊಂಡಿತು. ಆದರೆ ಅದೇ ಶಂಕರ್ ನಾಗ್ ಆಗುಂಬೆಗೆ ಹೋಗಿ 'ಮಾಲ್ಗುಡಿ ಡೇಸ್' ನಿರ್ದೇಶಿಸಿದರು. ಸ್ವಾಮಿಯ ಕೈಗೆ ಕೊಟ್ಟದ್ದು ಕ್ರಿಕೆಟ್ ಚೆಂಡು. ಇಡೀ ದೇಶ ನೋಡಿತು. ಪರದೆ ಹಿಡಿದಿಡೋಕೆ ಕೋವಿಯೇ ಬೇಕು ಅಂತೇನೂ ಇಲ್ಲ ಅನ್ನೋದು ಆ ಮನುಷ್ಯನಿಗೆ ಗೊತ್ತಿತ್ತು.

ಅದೇ ತಾಲೂಕಿನ ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಟ ಆಡ್ತಾ ಬಂದಿದೆ. ರಂಗದ ಮೇಲೆ ಗದೆ, ಕತ್ತಿ, ಬಿಲ್ಲು ಎಲ್ಲ ಇದೆ. ನೋಡೋಕೆ ಕೂತ ಮಗುವಿಗೂ ಗೊತ್ತು, ಅದು ವೇಷದ ಕತ್ತಿ. ಬೆಳಗಾದರೆ ಬಣ್ಣ ತೊಳೆಯುತ್ತಾರೆ. ನಮ್ಮ ಟಿವಿ ಪರದೆಯ ಆಯುಧಕ್ಕೆ ಆ ಬೆಳಗು ಇಲ್ಲ. ಅದು ಸುದ್ದಿ ಅಂತ ಬರುತ್ತೆ, ನಿಜ ಅಂತ ಕೂರುತ್ತೆ.

ರಿವಾಲ್ವರ್‌ಗೂ ಪಿಸ್ತೂಲಿಗೂ ಏನು ಮಹಾ ವ್ಯತ್ಯಾಸ ಅಂತ ನೀವು ಕೇಳಬಹುದು. ಕೇಳಿ. ಪಿಸ್ತೂಲು ಹೊಡೆದ ಕಾಡತೂಸಿನ ಖಾಲಿ ಕೋಶವನ್ನ ಹೊರಗೆ ಎಸೆಯುತ್ತೆ. ರಿವಾಲ್ವರ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೆ. ಸ್ಥಳದಲ್ಲಿ ಖಾಲಿ ಕೋಶ ಸಿಕ್ತಾ, ಇಲ್ವಾ? ಗುಂಡಿನ ಮೇಲೆ ನಳಿಗೆಯ ಗೀರು ಹೇಗಿದೆ? ಹೊಡೆದವರು ಯಾರು ಅನ್ನೋ ತನಿಖೆ ನಿಲ್ಲೋದು ಇಂಥದ್ದರ ಮೇಲೆ. ಅಧಿಕಾರಿಗೆ ಕೊಟ್ಟ ಪ್ರತಿ ಗುಂಡಿಗೂ ಲೆಕ್ಕ ಇರುತ್ತೆ. ನಾವು ಸ್ಟುಡಿಯೋದಲ್ಲಿ ಕೂತು ಎಲ್ಲಕ್ಕೂ 'ಸರ್ವಿಸ್ ರಿವಾಲ್ವರ್' ಅಂದುಬಿಟ್ಟರೆ, ಇನ್ನೂ ತನಿಖೆಯೇ ಆಗದ ಒಂದು ವಿಷಯಕ್ಕೆ ಆಯುಧವನ್ನೂ ಆಯುಧದ ಒಡೆಯನನ್ನೂ ನಾವೇ ಗೊತ್ತುಮಾಡಿದ ಹಾಗೆ. ತಪ್ಪು ಹೆಸರಿನ ಹಿಂದೆ ಒಂದು ಮನೆಯ ಮರ್ಯಾದೆ ಇರುತ್ತೆ.

ಕುಮಟಾ, ಹೊನ್ನಾವರದ ಅಡಿಕೆ ತೋಟದವರನ್ನ ಕೇಳಿ. ಅವರ ಮನೆಯಲ್ಲಿರೋದು ಬೆಳೆ ರಕ್ಷಣೆಯ ಕೋವಿ. ಗುಂಡಿಗಿಂತ ಅದರ ಸದ್ದೇ ಹೆಚ್ಚು ಕೆಲಸಕ್ಕೆ ಬರೋದು, ಮಂಗ, ಹಂದಿ ಓಡಿಸೋಕೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕು, ಮುಗಿಯೋತನಕ ತೋಟ ಪ್ರಾಣಿಗಳ ಪಾಲು. ಆ ಕಷ್ಟದ ಕೋವಿ ನಮ್ಮ ಪರದೆಗೆ ಬರೋದೇ ಅಪರೂಪ.

ಕೊನೆಯದಾಗಿ ಭಟ್ಕಳ. ಇಲ್ಲಿ ನಾನು ನನ್ನ ತಪ್ಪನ್ನೇ ಒಪ್ಕೋಬೇಕು. ಭಟ್ಕಳದ ಸುದ್ದಿ ಅಂದ ಕೂಡಲೇ ನಮ್ಮಂಥ ಚಾನೆಲ್‌ಗಳ ಗ್ರಾಫಿಕ್ಸ್ ಟೇಬಲ್‌ನಲ್ಲಿ ಒಂದು ಬಂದೂಕಿನ ಚಿತ್ರ ರೆಡಿ ಇರುತ್ತೆ. ನಾನೂ ಅದರ ಮುಂದೆ ನಿಂತು ಮಾತಾಡಿದ್ದೀನಿ. ಮಲ್ಲಿಗೆ ಬೆಳೆಯುವ ಊರು, ಕಾಳುಮೆಣಸಿನ ವ್ಯಾಪಾರ ಕಂಡ ಹಳೇ ಬಂದರು, ಜೈನ ಬಸದಿ, ಕೇತಪೈ ನಾರಾಯಣ ದೇವಸ್ಥಾನ, ನವಾಯತರ ಮಸೀದಿಗಳು ಹತ್ತಿರ ಹತ್ತಿರ ಇರುವ ಊರು. ಅಪರಾಧ ನಡೆದರೆ ಹೇಳೋಣ, ಹೆಸರು ಹಿಡಿದು ಹೇಳೋಣ. ಆದರೆ ಅಪರಾಧ ಮಾಡಿದವನ ಆಯುಧವನ್ನ ಇಡೀ ಊರಿನ ಕೈಗೆ ಕೊಡೋಕೆ ನಾವ್ಯಾರು? ಆ ಊರಿನ ಹುಡುಗ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಕೇಳಿದಾಗ, ಮನೆಯವರ ಕಣ್ಣಲ್ಲಿ ಓಡೋದು ನಾವು ತೋರಿಸಿದ ಅದೇ ಚಿತ್ರ.

ಹೊನ್ನಾವರದ ಆ ಹಿರಿಯರಿಗೆ ಉತ್ತರ ಇಷ್ಟೇ. ಸಾರ್, ನೀವು ಹೇಳಿದ್ದು ಸರಿ. ನಾವು ತೋರಿಸಿದ ಚಿತ್ರದಲ್ಲಿ ತಿರುಗೋದು ಏನೂ ಇರಲಿಲ್ಲ. ಇನ್ನು ಮುಂದೆ ನನ್ನ ಬುಲೆಟಿನ್‌ನಲ್ಲಿ ಆಯುಧ ಯಾವುದು ಅಂತ ಖಚಿತ ಆಗೋತನಕ ಆ ಪಟ್ಟಿ ಓಡೋದಿಲ್ಲ. ತಪ್ಪಿದರೆ ಮತ್ತೆ ಫೋನ್ ಮಾಡಿ, ಬೈಯಿರಿ.