ಅಳಿಸಿದ ಮಾತ್ರಕ್ಕೆ ಅಳಿಯಿತೆ?

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆಲ್ಲ ಲೋಪಸಂಧಿಯ ನೆನಪು ಅಷ್ಟಿಷ್ಟಾದರೂ ಇದ್ದೇ ಇರುತ್ತದೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಎಂಬುದು ಬಂದರೆ ‘ಊರಲ್ಲಿ’ ಎಂದಾಗುತ್ತದೆ. ನಡುವಣ ಉಕಾರ ಕಾಣದಾಗುತ್ತದೆ. ಕಾಣದಾಯಿತೇ ಹೊರತು ನಾಶವಾಗಲಿಲ್ಲ. ಲೋಪವೆಂದರೆ ಕಾಣದಿರುವಿಕೆ ಎಂಬ ಅರ್ಥವನ್ನೇ ಪಾಣಿನಿಯ ಕಾಲದಿಂದಲೂ ವೈಯಾಕರಣರು ಇಟ್ಟುಕೊಂಡು ಬಂದಿದ್ದಾರೆ. ‘ಬಿಡಿಸಿ ಬರೆಯಿರಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಎಂಟನೆಯ ತರಗತಿಯ ಹುಡುಗನೂ ಆ ಉಕಾರವನ್ನು ಹಿಡಿದು ತಂದು ನಿಲ್ಲಿಸುತ್ತಾನೆ. ನಾನು ಇಂದು ಹೇಳಹೊರಟಿರುವುದು ವ್ಯಾಕರಣವಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅಳಿಸಿಹೋದ ಚಿತ್ರಗಳನ್ನು ಮರಳಿ ಪಡೆಯುವ ವಿಚಾರ. ಆದರೆ ಈ ವಿಚಾರವನ್ನು ಪ್ರವೇಶಿಸಲು ಲೋಪಸಂಧಿಗಿಂತ ಹತ್ತಿರದ ದಾರಿ ನನಗೆ ತೋಚದು.

ಫಿಲ್ಮಿನ ಕಾಲದಲ್ಲಿ ಪಟ ಹಾಳಾದರೂ ನೆಗೆಟಿವ್ ಇರುತ್ತಿತ್ತು. ಮದುವೆಯ ಆಲ್ಬಮ್ಮಿಗೆ ಗೆದ್ದಲು ಹಿಡಿದರೆ ಸ್ಟುಡಿಯೋದವರ ಕಪಾಟಿನಲ್ಲಿ ಹುಡುಕಿಸಬಹುದಾಗಿತ್ತು. ಈಗ ಮನೆಯ ಮಂಗಳಕಾರ್ಯಗಳೆಲ್ಲ ಬೆರಳ ಉಗುರಿನಷ್ಟು ಅಗಲದ ಒಂದು ಬಿಲ್ಲೆಯಲ್ಲಿ ಅಡಗಿ ಕುಳಿತಿವೆ. ನಾವು ಇಂದು ಎಸ್‌ಡಿ ಕಾರ್ಡು ಎನ್ನುವ ಈ ಬಗೆಯನ್ನು ಪ್ಯಾನಸಾನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಎಂಬ ಮೂರು ಸಂಸ್ಥೆಗಳು ಸೇರಿ 1999ರಲ್ಲಿ ಹೊರತಂದವು. ಅದರ ಒಳಗಿರುವ ಫ್ಲ್ಯಾಶ್ ಸ್ಮೃತಿಯನ್ನು ತೋಷಿಬಾದಲ್ಲಿದ್ದ ಜಪಾನಿನ ವಿಜ್ಞಾನಿ ಫುಜಿಯೊ ಮಸುವೋಕಾ ಅವರು ರೂಪಿಸಿ 1984ರಲ್ಲಿ ಲೋಕದ ಮುಂದಿಟ್ಟರು. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಣೆಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದಿಡುವುದು ಅದರ ಕೆಲಸ. ಬ್ಯಾಟರಿ ತೆಗೆದರೂ, ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೂ ಆ ಸೆರೆ ಬಿಡುವುದಿಲ್ಲ.

ಈ ಕಾರ್ಡಿನ ಒಳಗೆ ಎರಡು ಭಾಗಗಳಿವೆ ಎಂದು ತಿಳಿಯಿರಿ. ಒಂದು ಅನುಕ್ರಮಣಿಕೆ, ಅಂದರೆ ಪುಸ್ತಕದ ಮೊದಲಲ್ಲಿ ಬರುವ ವಿಷಯಸೂಚಿಯಂಥದು. ಯಾವ ಚಿತ್ರ ಯಾವ ಕೋಣೆಯಿಂದ ಆರಂಭವಾಗುತ್ತದೆ, ಮುಂದೆ ಯಾವ ಯಾವ ಕೋಣೆಗೆ ಹೋಗುತ್ತದೆ ಎಂಬ ಲೆಕ್ಕ ಅಲ್ಲಿರುತ್ತದೆ. ಇನ್ನೊಂದು ಚಿತ್ರಗಳೇ ಇರುವ ಒಡಲು. ನೀವು ‘ಡಿಲೀಟ್’ ಒತ್ತಿದಾಗ ಯಂತ್ರ ಒಡಲಿಗೆ ಕೈಹಾಕುವುದಿಲ್ಲ. ಅಷ್ಟು ದೊಡ್ಡ ಚಿತ್ರವನ್ನು ಉಜ್ಜಿ ತೊಳೆಯುವ ತಾಳ್ಮೆ ಅದಕ್ಕಿಲ್ಲ. ಅನುಕ್ರಮಣಿಕೆಯಲ್ಲಿ ಆ ಹೆಸರಿಗೆ ಅಡ್ಡಗೆರೆ ಎಳೆದು, ‘ಈ ಜಾಗ ಖಾಲಿ’ ಎಂದು ಬರೆದು ಸುಮ್ಮನಾಗುತ್ತದೆ. ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶ ಉಂಟು. 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ‘ಫ್ಯಾಟ್’ ಎಂಬ ಪದ್ಧತಿಯಲ್ಲಿ, ಅಳಿಸಿದ ಚಿತ್ರದ ಹೆಸರಿನ ಮೊದಲನೆಯ ಅಕ್ಷರದ ಜಾಗದಲ್ಲಿ ಮಾತ್ರ ಒಂದು ಗುರುತು ಬೀಳುತ್ತದೆ. ಮಿಕ್ಕ ಅಕ್ಷರಗಳು ಹಾಗೆಯೇ ಉಳಿಯುತ್ತವೆ. ಆದ್ದರಿಂದಲೇ ಮರಳಿ ಬಂದ ಚಿತ್ರಗಳ ಹೆಸರು ಅನೇಕ ವೇಳೆ ತಲೆಯಿಲ್ಲದೆ ಬರುತ್ತದೆ. ಆದ್ಯಕ್ಷರ ಲೋಪ!

ಸೂಚಿ ಹೋದರೆ ಗ್ರಂಥ ಹೋದಂತಲ್ಲ ಎಂಬುದಕ್ಕೆ ನಮ್ಮ ಮೈಸೂರಿನಲ್ಲೇ ನಿದರ್ಶನವಿದೆ. ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಬೇರೆ ಗ್ರಂಥಗಳಲ್ಲಿ ಬರುವ ಮಾತಿನಿಂದ ಮಾತ್ರ ಗೊತ್ತಿತ್ತು. ಮೂಲ ಹೋಯಿತೆಂದೇ ವಿದ್ವಾಂಸರು ತಿಳಿದಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಗರಿಗಳು ಇದ್ದೇ ಇದ್ದವು. ಇಂಥಲ್ಲಿವೆ ಎಂಬುದು ತಿಳಿದಿರಲಿಲ್ಲ, ಅಷ್ಟೆ.

ಹಾಗಾದರೆ ಅಳಿಸಿದ ಚಿತ್ರ ಯಾವಾಗ ಬೇಕಾದರೂ ಬರುತ್ತದೆಯೆ? ಇಲ್ಲ. ಇಲ್ಲಿ ಲೋಪಸಂಧಿಯನ್ನು ಬಿಟ್ಟು ಆದೇಶಸಂಧಿಗೆ ಬರಬೇಕು. ‘ಮಳೆ’ ‘ಕಾಲ’ ಸೇರಿ ‘ಮಳೆಗಾಲ’ ಆದಾಗ ಕಕಾರದ ಜಾಗದಲ್ಲಿ ಗಕಾರ ಬಂದು ಕೂರುತ್ತದೆ. ಕಾರ್ಡಿನಲ್ಲಿ ‘ಖಾಲಿ’ ಎಂದು ಬರೆದಿಟ್ಟ ಜಾಗದಲ್ಲಿ ನೀವು ತೆಗೆಯುವ ಮುಂದಿನ ಚಿತ್ರ ಬಂದು ಕುಳಿತರೆ ಹಳೆಯದು ನಿಜವಾಗಿಯೂ ಹೋಯಿತು. ವ್ಯಾಕರಣದಲ್ಲಿ ಆದೇಶವನ್ನೂ ಬಿಡಿಸಿ ಬರೆಯಬಹುದು. ಕಾರ್ಡಿನಲ್ಲಿ ಅದು ಯಾರಿಂದಲೂ ಆಗದು. ನನ್ನ ಹೋಲಿಕೆಗೆ ಇದೊಂದು ಮಿತಿ.

ಆದುದರಿಂದ, ಚಿತ್ರ ಅಳಿಸಿಹೋಯಿತೆಂದು ತಿಳಿದ ಕೂಡಲೆ ಮಾಡಬೇಕಾದ ಮೊದಲ ಕೆಲಸ ಏನನ್ನೂ ಮಾಡದಿರುವುದು. ಇನ್ನೊಂದು ಚಿತ್ರ ತೆಗೆಯಬೇಡಿ. ಕ್ಯಾಮೆರಾ ಆರಿಸಿ, ಕಾರ್ಡನ್ನು ಹೊರಗೆ ತೆಗೆದು, ಒಂದು ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ತಾರೀಖು ಬರೆದು ಇಡಿ. ದೊಡ್ಡ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದನ್ನು ‘ಲಾಕ್’ ಎಂದು ಬರೆದಿರುವ ಕಡೆಗೆ ಸರಿಸಿ. ಹಿಂದೆ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದರೆ ಅದರ ಮೇಲೆ ಮತ್ತೆ ಧ್ವನಿಮುದ್ರಣ ಆಗುತ್ತಿರಲಿಲ್ಲವಷ್ಟೆ? ಇದೂ ಅದೇ ಬಗೆಯ ಉಪಾಯ. ಮೊಬೈಲಿನ ಚಿಕ್ಕ ಕಾರ್ಡಿಗೆ ಈ ಗುಂಡಿ ಇಲ್ಲ. ಅದನ್ನು ತೂರಿಸುವ ಅಡಾಪ್ಟರಿಗೆ ಇರುತ್ತದೆ.

ಇನ್ನೊಂದು ಅಪಾಯ ಕಂಪ್ಯೂಟರಿನ ಕಡೆಯಿಂದ. ಕಾರ್ಡಿನ ಸೂಚಿ ಕೆಟ್ಟಿದ್ದರೆ, ಅದನ್ನು ಹಾಕಿದೊಡನೆ ‘ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೆ?’ ಎಂದು ವಿಂಡೋಸ್ ಬಹು ವಿನಯದಿಂದ ಕೇಳುತ್ತದೆ. ಬೇಡ ಎನ್ನಿ. ‘ದೋಷವಿದೆ, ಸರಿಪಡಿಸಲೆ?’ ಎಂದು ಕೇಳಿದರೂ ಬೇಡವೆನ್ನಿ. ಸರಿಪಡಿಸುವುದೆಂದರೆ ಅದರ ಭಾಷೆಯಲ್ಲಿ ಸೂಚಿಯನ್ನು ಸರಿಪಡಿಸುವುದು. ನಿಮ್ಮ ಚಿತ್ರದ ಚಿಂತೆ ಅದಕ್ಕಿಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರಿಗೆ ಸಹಸ್ರಚಂದ್ರದರ್ಶನ ಶಾಂತಿ ನಡೆಯಿತು. ಮೊಮ್ಮಗ ಉತ್ಸಾಹಿ, ತಾನೇ 200ಕ್ಕೂ ಮೇಲ್ಪಟ್ಟು ಚಿತ್ರ ತೆಗೆದ. ಮಾರನೆಯ ದಿನ ಮುಖ ಒಣಗಿಸಿಕೊಂಡು ಬಂದು, “ಮೇಷ್ಟ್ರೆ, ಕಾರ್ಡು ಸರಿಯಿಲ್ಲ ಅಂತು ಕ್ಯಾಮೆರಾ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು, ಹ್ಞೂ ಅಂತ ಒತ್ತಿಬಿಟ್ಟೆ” ಎಂದ. ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯನ ಬಳಿಗೆ ಇಬ್ಬರೂ ಹೋದೆವು. ಆತ ಕಾರ್ಡನ್ನು ನೋಡುವುದಕ್ಕೆ ಮೊದಲೇ ಕೇಳಿದ ಪ್ರಶ್ನೆ, “ಆಮೇಲೆ ಏನಾದ್ರೂ ಫೋಟೋ ತೆಗೆದ್ಯೇನಪ್ಪಾ?” ಹುಡುಗ ತಲೆ ತಗ್ಗಿಸಿದ. “ಸರಿಹೋಯ್ತಾ ನೋಡೋಣ ಅಂತ ಒಂದು ಮೂವತ್ತು ತೆಗೆದೆ ಅಣ್ಣಾ.”

ಆ 30 ಚಿತ್ರಗಳು ಗೋಡೆಯವು, ಬೆಕ್ಕಿನವು, ಅಂಗಳದ ತೆಂಗಿನ ಮರದವು. ಫಾರ್ಮ್ಯಾಟ್ ಆದ ಕಾರ್ಡು ಸಾಮಾನ್ಯವಾಗಿ ಮೊದಲಿನಿಂದ ತುಂಬಿಕೊಳ್ಳುತ್ತ ಬರುತ್ತದೆ. ಹೀಗಾಗಿ ಮುಂಜಾವಿನ ಕಲಶಸ್ಥಾಪನೆ, ಹೋಮದ ಆರಂಭ ಇವುಗಳ ಮೇಲೆ ಬೆಕ್ಕು ಕುಳಿತುಬಿಟ್ಟಿತ್ತು. ಅವು ಬರಲಿಲ್ಲ. ಮಿಕ್ಕವು ಹೆಚ್ಚುಕಡಿಮೆ ಎಲ್ಲ ಬಂದವು. ಒಂದು ಮಾತ್ರ ಅರ್ಧ ಬಂತು. ಅಜ್ಜಿ ತಾತನವರ ತಲೆಯ ಪೇಟವನ್ನು ಸರಿಮಾಡುತ್ತಿದ್ದಾರೆ, ಇಬ್ಬರೂ ನಗುತ್ತಿದ್ದಾರೆ. ಎದೆಯ ಮಟ್ಟದಿಂದ ಕೆಳಗೆ ಬೂದುಬಣ್ಣದ ಪಟ್ಟಿ. ಶಿಷ್ಯ ಕಾರಣ ಹೇಳಿದ: ಹುಡುಗ ಸಮಾರಂಭದ ನಡುನಡುವೆ ಮಸುಕು ಚಿತ್ರಗಳನ್ನು ಅಳಿಸುತ್ತ ಜಾಗ ಮಾಡಿಕೊಂಡಿದ್ದ. ಹಾಗೆ ಮಾಡಿದಾಗ ಮುಂದಿನ ಚಿತ್ರ ಒಂದೇ ಕಡೆ ಸಾಲಾಗಿ ಕೂರದೆ ಎರಡು ಕಡೆ ಹಂಚಿಹೋಗುತ್ತದೆ. ಮೊದಲರ್ಧ ಸಿಕ್ಕಿತು, ಉಳಿದರ್ಧದ ವಿಳಾಸ ಸೂಚಿಯೊಂದಿಗೆ ಹೋಯಿತು. ಜೆಪೆಗ್ ಚಿತ್ರ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುವುದರಿಂದ ಮುಖಗಳು ಉಳಿದವು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ತಾತ ತೀರಿಕೊಂಡರು. ಈಗ ಅವರ ಮನೆಯ ನಡುಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿರುವುದು ಆ ಮೇಲಿನ ಅರ್ಧವೇ.

ಸೂಚಿಯೇ ಇಲ್ಲದಾಗ ಚಿತ್ರವನ್ನು ಹುಡುಕುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಓಲೆಗರಿಯ ಲಿಪಿಕಾರರು ಆದಿಯಲ್ಲಿ ಶ್ರೀಕಾರ ಹಾಕಿ ಅಂತ್ಯದಲ್ಲಿ ಸಮಾಪ್ತಿಯ ಮಾತು ಬರೆಯುತ್ತಿದ್ದರಲ್ಲವೆ? ಕಟ್ಟು ಬಿಚ್ಚಿ ಗರಿಗಳು ಚೆಲ್ಲಾಪಿಲ್ಲಿಯಾದರೂ ಶ್ರೀಕಾರ ಕಂಡಲ್ಲಿ ಒಂದು ಕೃತಿಯ ಆರಂಭವೆಂದು ತಿಳಿಯಬಹುದು. ಜೆಪೆಗ್ ಚಿತ್ರಕ್ಕೂ ಇಂಥ ಶ್ರೀಕಾರವಿದೆ. ಗಣಕದ ಹದಿನಾರರ ಲೆಕ್ಕದಲ್ಲಿ ‘ಎಫ್‌ಎಫ್ ಡಿ8’ ಎಂಬುದು ಅದರ ಆದಿ. ‘ಎಫ್‌ಎಫ್ ಡಿ9’ ಅದರ ಅಂತ್ಯ. ಮರಳಿ ಪಡೆಯುವ ತಂತ್ರಾಂಶ ಕಾರ್ಡಿನ ಮೊದಲ ಕೋಣೆಯಿಂದ ಕೊನೆಯ ಕೋಣೆಯವರೆಗೆ ಈ ಶ್ರೀಕಾರಗಳನ್ನು ಹುಡುಕುತ್ತ ಹೋಗುತ್ತದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದ ‘ಫೋಟೋರೆಕ್’ ಇಂಥದೊಂದು. ಅದಕ್ಕೆ ಹಣವಿಲ್ಲ, ಯಾರು ಬೇಕಾದರೂ ಬಳಸಬಹುದು. ನೋಡಲು ಒರಟು, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರ. ಆದರೆ ಕಾರ್ಡಿನ ಮೇಲೆ ಒಂದಕ್ಷರವನ್ನೂ ಬರೆಯದೆ ಓದಿ ಮಾತ್ರ ಕೊಡುತ್ತದೆ. ಆ ಗುಣಕ್ಕಾಗಿ ಒರಟುತನವನ್ನು ಸಹಿಸಬಹುದು. ಇದರಿಂದ ಬಂದ ಚಿತ್ರಗಳಿಗೆ ಹಳೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಬರಿಯ ಅಂಕಿಗಳಿರುತ್ತವೆ. ತೆಗೆದ ದಿನ ಮತ್ತು ಹೊತ್ತು ಮಾತ್ರ ಚಿತ್ರದ ಒಳಗೇ ದಾಖಲಾಗಿರುವುದರಿಂದ ಕ್ರಮವಾಗಿ ಜೋಡಿಸಿಕೊಳ್ಳಬಹುದು. ಜೊತೆಗೆ ಅಂಚೆಚೀಟಿಯಂಥ ಪುಟಾಣಿ ಚಿತ್ರಗಳೂ ಬಂದಾವು. ಅವು ಕ್ಯಾಮೆರಾ ತನ್ನ ಅನುಕೂಲಕ್ಕೆ ಪ್ರತಿ ಚಿತ್ರದೊಳಗೂ ಇಟ್ಟುಕೊಳ್ಳುವ ನಕಲು. ದೊಡ್ಡದು ಸಿಗದೆ ಪುಟಾಣಿ ಮಾತ್ರ ಸಿಕ್ಕಿದವರನ್ನೂ ಕಂಡಿದ್ದೇನೆ. ಅದನ್ನೂ ಅವರು ಬಿಟ್ಟುಕೊಡಲಿಲ್ಲ.

ಒಂದು ಎಚ್ಚರಿಕೆ. ಮರಳಿ ಬಂದ ಚಿತ್ರಗಳನ್ನು ಅದೇ ಕಾರ್ಡಿನಲ್ಲಿ ಇಡಬಾರದು. ಬಾವಿಯಿಂದ ಎತ್ತಿದ ಬಿಂದಿಗೆಯನ್ನು ಮತ್ತೆ ಬಾವಿಗೇ ಬಿಟ್ಟ ಹಾಗಾಗುತ್ತದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಬಹಳ ಬೆಲೆಬಾಳುವ ಚಿತ್ರಗಳಾದರೆ ಮೊದಲು ಇಡೀ ಕಾರ್ಡಿನ ಯಥಾವತ್ ಪ್ರತಿಯೊಂದನ್ನು ತೆಗೆಸಿ, ಕೆಲಸವನ್ನೆಲ್ಲ ಆ ಪ್ರತಿಯ ಮೇಲೆ ಮಾಡಿಸಿ. ಗ್ರಂಥಸಂಪಾದನೆ ಮಾಡುವವರು ಮೂಲದ ಗರಿಯ ಮೇಲೆ ತಿದ್ದುತ್ತಾರೆಯೆ?

ಇನ್ನು ಬಾರದೆ ಹೋಗುವ ಸಂದರ್ಭಗಳು. ಕಂಪ್ಯೂಟರಿನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಮಾಡಿದ್ದರೆ ಸೂಚಿ ಮಾತ್ರ ಹೋಗಿರುತ್ತದೆ, ಆಸೆ ಉಂಟು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಕಾರ್ಡಿನ ಉದ್ದಕ್ಕೂ ಸೊನ್ನೆ ಬರೆಯುವುದು. ಅಲ್ಲಿ ಆಸೆ ಇಲ್ಲ. ಮೊಬೈಲಿನ ಒಳಸ್ಮೃತಿಯಿಂದ ಅಳಿಸಿದ್ದಕ್ಕೂ ಈ ಉಪಾಯ ಸಾಗದು, ಏಕೆಂದರೆ ಈಗಿನ ಫೋನುಗಳು ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುತ್ತವೆ. ಅಂಥಲ್ಲಿ ಮೊದಲು ಕಸದ ಬುಟ್ಟಿಯನ್ನು ತೆರೆದು ನೋಡಿ. ಗೂಗಲ್ ಫೋಟೋಸ್‌ನಲ್ಲಿ, ಬ್ಯಾಕಪ್ ಆಗಿದ್ದ ಚಿತ್ರ ಅಳಿಸಿದ ಮೇಲೂ 60 ದಿನ ಬುಟ್ಟಿಯಲ್ಲಿರುತ್ತದೆ. ಆಗಿರದಿದ್ದರೆ 30 ದಿನ. ಎಷ್ಟೋ ಮನೆಗಳಲ್ಲಿ ಅತ್ತುಕರೆದು ಹುಡುಕುತ್ತಿರುವ ಚಿತ್ರ ಆ ಬುಟ್ಟಿಯಲ್ಲೇ ಇರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ನಕಲಿ ಕಾರ್ಡು. ಮೇಲೆ 512 ಜಿಬಿ ಎಂದು ಅಚ್ಚಾಗಿರುತ್ತದೆ, ಒಳಗೆ ಇರುವುದು 16. ತುಂಬಿದ ಮೇಲೆಯೂ ಅದು ‘ಆಯಿತು, ಬರೆದೆ’ ಎಂದು ಸುಳ್ಳು ಹೇಳುತ್ತ ಹೋಗುತ್ತದೆ. ಅಂಥ ಚಿತ್ರಗಳು ಕಳೆದದ್ದಲ್ಲ, ಹುಟ್ಟಲೇ ಇಲ್ಲ. ಬೀದಿಬದಿಯಲ್ಲಿ ಮೂರುಕಾಸಿಗೆ ಸಿಗುವ ದೊಡ್ಡ ಕಾರ್ಡನ್ನು ಮದುವೆಗೆ ಒಯ್ಯಬೇಡಿ. ಹೊಸ ಕಾರ್ಡಿನ ಉದ್ದಕ್ಕೂ ಬರೆದು ಓದಿ ಪರೀಕ್ಷಿಸುವ ತಂತ್ರಾಂಶಗಳು ಪುಕ್ಕಟೆ ದೊರೆಯುತ್ತವೆ. ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಕಂಪ್ಯೂಟರಿಗೆ ಹಾಕಿದಾಗ ಕಾರ್ಡು ಇದೆಯೆಂಬ ಸೂಚನೆಯೇ ಬಾರದಿದ್ದರೆ, ಅಥವಾ ಅದು ಮುರಿದಿದ್ದರೆ, ಅದು ಮನೆಯ ಕೆಲಸವಲ್ಲ. ಅದಕ್ಕೆಂದೇ ಇರುವ ಪ್ರಯೋಗಶಾಲೆಗಳಿಗೆ ಒಯ್ಯಬೇಕು, ಖರ್ಚು ಜಾಸ್ತಿ. ನೀರಿಗೆ ಬಿದ್ದ ಕಾರ್ಡನ್ನು ಪೂರ್ತಿ ಒಣಗುವವರೆಗೆ ಯಾವುದಕ್ಕೂ ಹಾಕಬೇಡಿ.

ಅಳಿಸಿದ್ದು ಅಳಿಯುವುದಿಲ್ಲ ಎಂಬ ಈ ಗುಣ ನಮಗೆ ಮಾತ್ರ ಒದಗುವುದಲ್ಲ, ಪರರಿಗೂ ಒದಗುತ್ತದೆ ಎಂಬುದನ್ನು ಗೃಹಸ್ಥರು, ವಿಶೇಷವಾಗಿ ಹೆಣ್ಣುಮಕ್ಕಳಿರುವ ಮನೆಯವರು, ಗಮನಿಸಬೇಕು. ‘ಎಲ್ಲ ಡಿಲೀಟ್ ಮಾಡಿದ್ದೇನೆ’ ಎಂಬ ಧೈರ್ಯದಿಂದ ಹಳೆಯ ಕ್ಯಾಮೆರಾವನ್ನು ಕಾರ್ಡಿನ ಸಮೇತ ಮಾರುವುದುಂಟು. ರಿಪೇರಿಗೆ ಕೊಟ್ಟ ಫೋನಿನಲ್ಲಿ ಕಾರ್ಡನ್ನು ಹಾಗೆಯೇ ಬಿಡುವುದುಂಟು. ತಾತನ ನಗುವನ್ನು ನಮಗೆ ಮರಳಿಸಿದ ಅದೇ ತಂತ್ರಾಂಶ ಅಂಗಡಿಯ ಅಪರಿಚಿತನ ಕೈಯಲ್ಲೂ ಅಷ್ಟೇ ಚೆನ್ನಾಗಿ ದುಡಿಯುತ್ತದೆ. ರಿಪೇರಿಗೆ ಕೊಡುವಾಗ ಕಾರ್ಡನ್ನು ತೆಗೆದು ಮನೆಯಲ್ಲಿಟ್ಟುಕೊಳ್ಳಿ. ಕಾರ್ಡನ್ನೇ ಪರರಿಗೆ ಕೊಡುವುದಾದರೆ, ಬೇಕಾದ ಚಿತ್ರಗಳನ್ನೆಲ್ಲ ಬೇರೆ ಎರಡು ಕಡೆ ಇಳಿಸಿಕೊಂಡ ಮೇಲೆ, ವಿಂಡೋಸ್ ಕಂಪ್ಯೂಟರಿನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಚೌಕದೊಳಗಿನ ಗುರುತನ್ನು ತೆಗೆದು ಫಾರ್ಮ್ಯಾಟ್ ಮಾಡಿ. ನಿಧಾನದ ಕಾರ್ಡಾದರೆ 32 ಜಿಬಿಗೆ ಒಂದು ಗಂಟೆ ಹಿಡಿದರೂ ಹಿಡಿದೀತು. ಕೆಟ್ಟುಹೋದ ಕಾರ್ಡಾದರೆ ಕತ್ತರಿಯಿಂದ ಕತ್ತರಿಸಿ, ಒಳಗಿನ ಚಿಪ್ಪು ತುಂಡಾಗಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಬಿಸಾಡಿ.