ಉಸಿರಿನ ದಾರಿ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವಳು, ವೈದ್ಯೆಯಲ್ಲ. ಆದರೂ ಇಂದು ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ ಒಂದು ಚಿಕಿತ್ಸೆಯ ಬಗ್ಗೆ ಮಾತನಾಡಲು ಬಯಸುತ್ತೇನೆ. ಕಾರಣ, ಅದು ನನ್ನ ಮನೆಯಲ್ಲೇ ನಡೆದದ್ದು.

ನ್ಯುಮೋನಿಯಾ ಉಲ್ಬಣಿಸಿ ನನ್ನ ಅಬ್ಬಾರನ್ನು ವೆಂಟಿಲೇಟರ್‌ಗೆ ಹಾಕಿದ್ದರು. ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿದ್ದರು. ಹನ್ನೊಂದನೆಯ ದಿನ ವೈದ್ಯರು ಇಂಗ್ಲಿಷ್ ಫಾರಂ ಒಂದನ್ನು ಕೊಟ್ಟು, "ಟ್ರೇಕಿಯಾಸ್ಟಮಿ ಮಾಡಬೇಕು, ಸಹಿ ಹಾಕಿ" ಎಂದರು. ನಾನು ಅಮ್ಮಿಗೆ ಹೇಳಿದ್ದು ಇಷ್ಟೇ: "ಗಲೇ ಮೇಂ ಸುರಾಖ್ ಕರ್ತೇ ಕತೇ." ಗಂಟಲಿಗೆ ತೂತು ಎಂದು ಕೇಳಿದೊಡನೆ ಅಮ್ಮಿ ಕುಸಿದು ಕುಳಿತರು. "ಗಂಟಲು ಕೊಯ್ಯಿಸಿಕೊಂಡು ಬದುಕುವುದುಂಟೇ? ಬೇಡ" ಎಂದುಬಿಟ್ಟರು ಚಾಚಾ. ಎರಡು ದಿನ ಸಹಿ ಬೀಳಲಿಲ್ಲ.

ಮೂರನೆಯ ದಿನ ಅಲ್ಲಿನ ನರ್ಸ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬಾಯಿಯಿಂದ ಇಳಿದ ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುತ್ತದೆ. ಹಲವು ದಿನ ಅಲ್ಲೇ ಉಳಿದರೆ ಧ್ವನಿಪೆಟ್ಟಿಗೆಗೆ ಗಾಯವಾಗಬಹುದು. ಅದನ್ನು ಸಹಿಸಲು ಮಂಪರಿನ ಔಷಧಿಯೂ ಹೆಚ್ಚು ಬೇಕು. ಕುತ್ತಿಗೆಯ ಮುಂಭಾಗದಲ್ಲಿ ಕೆಳಗೆ, ನೇರವಾಗಿ ಶ್ವಾಸನಾಳಕ್ಕೆ ಚಿಕ್ಕ ಕೊಳವೆ ಇಟ್ಟರೆ ಕಫ ತೆಗೆಯುವುದು ಸುಲಭ. ವೆಂಟಿಲೇಟರ್‌ನಿಂದ ನಿಧಾನವಾಗಿ ಬಿಡಿಸಲೂ ಅನುಕೂಲ. ಗಾಳಿ ಧ್ವನಿತಂತುಗಳವರೆಗೆ ಬಾರದ ಕಾರಣ ಆ ದಿನಗಳಲ್ಲಿ ಮಾತು ಹೊರಡದು. ಕೊಳವೆ ತೆಗೆದ ಮೇಲೆ ಹೆಚ್ಚಿನವರಲ್ಲಿ ರಂಧ್ರ ತಾನಾಗಿ ಮುಚ್ಚಿಕೊಂಡು ಮಾತು ಮರಳುತ್ತದೆ. ರಕ್ತಸ್ರಾವ, ಸೋಂಕು, ಕಫದಿಂದ ಕೊಳವೆ ಕಟ್ಟಿಕೊಳ್ಳುವ ಅಪಾಯಗಳನ್ನೂ ಅವರು ಮರೆಮಾಚಲಿಲ್ಲ.

ಅಮ್ಮಿಯ ಬಳಿಗೆ ಮರಳಿದ ನಾನು ಈ ಸಲ 'ಗಲಾ' ಎನ್ನಲಿಲ್ಲ. 'ಸಾಂಸ್ ಕೀ ನಲೀ' ಎಂದೆ, ಉಸಿರಿನ ನಳಿಗೆ. ಚಿತ್ರ ತೋರಿಸಿದೆ. "ಮೊದಲೇ ಹೀಗೆ ಹೇಳಬಾರದಿತ್ತೇ ಬೇಟಿ?" ಎನ್ನುತ್ತಾ ಅಮ್ಮಿ ಸಹಿ ಹಾಕಿದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಎರಡು ಭಾಷೆ ಕಲಿಸುವ ನನಗೆ ಎರಡು ದಿನ ಸರಿಯಾದ ಒಂದು ಪದ ಸಿಗಲಿಲ್ಲ.

ಅನಂತರ ಈ ಚಿಕಿತ್ಸೆಯ ಹಿನ್ನೆಲೆಯನ್ನು ಓದಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರಗಳಲ್ಲಿ ಉಸಿರಾಟದ ಯಂತ್ರದ ನೆರವು ಪಡೆದ 31 ರೋಗಿಗಳ ಪೈಕಿ 27 ಮಂದಿ ತೀರಿಕೊಂಡರು. ರಕ್ತಪರೀಕ್ಷೆಯಲ್ಲಿ ಬೈಕಾರ್ಬೊನೇಟ್ ಹೆಚ್ಚಿತ್ತು. ರಕ್ತ ಕ್ಷಾರೀಯವಾಗಿದೆ ಎಂದು ವೈದ್ಯರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದೇ ಅಂಕಿಯನ್ನು ಬೇರೆಯಾಗಿ ಓದಿದರು: ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿದೆ ಎಂದರು. ಆಗಸ್ಟ್ 27ರಂದು 12 ವರ್ಷದ ಬಾಲಕಿಯೊಬ್ಬಳಿಗೆ ಟ್ರೇಕಿಯಾಸ್ಟಮಿ ಮಾಡಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತಾ ಗಾಳಿ ತುಂಬಿದರು. ಆಕೆ ಬದುಕಿದಳು. ಯಂತ್ರಗಳು ಸಾಲದಿದ್ದಾಗ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲಿರುಳು ಕುಳಿತು ಆ ಚೀಲಗಳನ್ನು ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. 1953ರಲ್ಲಿ ಇಬ್ಸೆನ್ ಅದೇ ನಗರದಲ್ಲಿ ಆರಂಭಿಸಿದ ಘಟಕವನ್ನು ಇಂದಿನ ಐಸಿಯುಗಳ ಮೊದಲ ರೂಪವೆಂದು ಪರಿಗಣಿಸುತ್ತಾರೆ.

ಬಂಧುಗಳೇ, ಅಲ್ಲಿ ಒಂದು ಅಂಕಿಯನ್ನು ಸರಿಯಾಗಿ ಓದಿದ್ದರಿಂದ ಜೀವಗಳು ಉಳಿದವು. ನಮ್ಮ ಮನೆಯಲ್ಲಿ ಒಂದು ಪದವನ್ನು ತಪ್ಪಾಗಿ ಹೇಳಿದ್ದರಿಂದ ಎರಡು ದಿನ ಕಳೆದುಹೋದವು.

ಐದು ವಾರಗಳ ನಂತರ ಅಬ್ಬಾ ಮನೆಗೆ ಬಂದರು. ಧ್ವನಿ ಇನ್ನೂ ಸ್ವಲ್ಪ ಒರಟು. ಪಕ್ಕದ ಹಾಸಿಗೆಯವರಿಗೂ ಅದೇ ಚಿಕಿತ್ಸೆಯಾಗಿತ್ತು, ಅವರು ಉಳಿಯಲಿಲ್ಲ. ಆದ್ದರಿಂದ ಇದು ಎಲ್ಲರನ್ನೂ ಉಳಿಸುತ್ತದೆ ಎಂದು ನಾನು ಹೇಳಲಾರೆ. ಬೇಡ ಎನ್ನುವುದಾದರೂ ತಿಳಿದುಕೊಂಡು ಬೇಡ ಎನ್ನೋಣ. ಫಾರಂ ಮುಂದಿಟ್ಟಾಗ ಮೂರು ಪ್ರಶ್ನೆ ಕೇಳಿ: ಇದು ಏಕೆ ಬೇಕು? ಮಾಡಿದರೆ ಏನಾಗಬಹುದು? ಮಾಡದಿದ್ದರೆ ಏನಾಗಬಹುದು? ಅರ್ಥವಾಗದಿದ್ದರೆ ನಮ್ಮ ಭಾಷೆಯಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಡಾಕ್ಟರ್, ನರ್ಸ್ ಆಗುವಿರಿ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಶ್ವಾಸನಾಳದ ಚಿತ್ರವಿದೆ. ಇಂದು ಸಂಜೆ ಅದನ್ನು ನಿಮ್ಮ ಅಮ್ಮಿಗೆ, ದಾದಿಗೆ ತೋರಿಸಿ, ಅವರ ಮಾತಿನಲ್ಲಿ ವಿವರಿಸಿ. ಅವರಿಗೆ ಅರ್ಥವಾದರೆ ನೀವು ಪಾಠ ಕಲಿತಿದ್ದೀರಿ ಎಂದರ್ಥ.